ಮೂತ್ರಪಿಂಡದ ಕ್ಷಯ: ಸ್ಕ್ಯಾನಿಂಗ್‌ಗೆ ಕಾಣುವುದೆಷ್ಟು?

ಬೀದರ್ ಸೀಮೆಯ ಬಿಸಿಲಿನಲ್ಲಿ ಮೂತ್ರ ಉರಿದರೆ ಅದಕ್ಕೆ ಮೊದಲು ಸಿಗುವ ಹೆಸರು 'ಉಷ್ಣ', ಎರಡನೆಯದು 'ಕಲ್ಲು'. ಬಹಳಷ್ಟು ಸಲ ಆ ಊಹೆ ತಪ್ಪೂ ಅಲ್ಲ. ಆದರೆ ಆಂಟಿಬಯೋಟಿಕ್ ಮಾತ್ರೆಗಳು ಮುಗಿದ ಮೇಲೂ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗಿ, ಮೂತ್ರದಲ್ಲಿ ಕೀವಿನ ಕಣಗಳಿದ್ದೂ ಸಾಮಾನ್ಯ ಕಲ್ಚರ್ ಪರೀಕ್ಷೆಯಲ್ಲಿ ಯಾವ ರೋಗಾಣುವೂ ಬೆಳೆಯದಿದ್ದರೆ, ಕ್ಷಯವನ್ನು ಶಂಕಿಸಲೇಬೇಕು.

ಶ್ವಾಸಕೋಶದಿಂದ ರಕ್ತದ ಮೂಲಕ ಮೂತ್ರಪಿಂಡ ಸೇರುವ ಕ್ಷಯಾಣು ಅಲ್ಲಿ ವರ್ಷಗಟ್ಟಲೆ ಸುಪ್ತವಾಗಿರಬಲ್ಲದು. ಆದ್ದರಿಂದ ಕೆಮ್ಮಿಲ್ಲ, ಎದೆಯ ಎಕ್ಸ್‌ರೇ ಸರಿಯಾಗಿದೆ ಎಂಬುದು ನೆಮ್ಮದಿಗೆ ಆಧಾರವಾಗದು.

ಭಾಲ್ಕಿ, ಔರಾದ್‌ನಂತಹ ತಾಲ್ಲೂಕು ಕೇಂದ್ರಗಳ ರೋಗಿಗೆ ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಅಲ್ಟ್ರಾಸೌಂಡ್. ಮೂತ್ರಪಿಂಡ ಊದಿರುವುದನ್ನೂ ಒಳಗೆ ಕೀವು ತುಂಬಿರುವುದನ್ನೂ ಅದು ತೋರಿಸುತ್ತದೆ. ಆರಂಭದ ಸಣ್ಣ ಹುಣ್ಣುಗಳನ್ನು ಹೆಚ್ಚಾಗಿ ತೋರಿಸಲಾರದು. ಕ್ಷಯದಿಂದ ಸುಣ್ಣಗಟ್ಟಿದ ಭಾಗ ಕಲ್ಲಿನಂತೆಯೇ ಹೊಳೆಯುವುದರಿಂದ 'ಕಲ್ಲಿದೆ' ಎಂಬ ವರದಿ ಬಂದು ಚಿಕಿತ್ಸೆ ದಾರಿ ತಪ್ಪುವುದುಂಟು.

ಹಿಂದೆ ರಕ್ತನಾಳಕ್ಕೆ ಡೈ ಚುಚ್ಚಿ ಸಾಲಾಗಿ ಎಕ್ಸ್‌ರೇ ತೆಗೆಯುವ ಐವಿಪಿ ಪರೀಕ್ಷೆಯೇ ಆಸರೆಯಾಗಿತ್ತು. ಮೂತ್ರಪಿಂಡದೊಳಗೆ ಮೂತ್ರ ಸೇರುವ ಬಟ್ಟಲುಗಳ ಅಂಚು ನುಸಿ ತಿಂದ ಬಟ್ಟೆಯಂತೆ ಕಂಡರೆ ಅದೇ ಮೊದಲ ಸುಳಿವು. ಈಗ ಆ ಸ್ಥಾನವನ್ನು ಬಹುಮಟ್ಟಿಗೆ ಸಿ.ಟಿ. ಯುರೋಗ್ರಫಿ ಪಡೆದಿದೆ. ಬಟ್ಟಲಿನ ಕುತ್ತಿಗೆ ಕಿರಿದಾಗಿರುವುದು, ಮೂತ್ರನಾಳ ಅಲ್ಲಲ್ಲಿ ಬಿಗಿದು ಮಣಿಸರದಂತಾಗಿರುವುದು, ಮೂತ್ರಕೋಶ ಕುಗ್ಗಿರುವುದು ಇದರಲ್ಲಿ ಸ್ಪಷ್ಟ. ಇದಕ್ಕೂ ಡೈ ಬೇಕಾದ್ದರಿಂದ ಮೊದಲು ರಕ್ತದ ಕ್ರಿಯಾಟಿನಿನ್ ನೋಡಿಕೊಳ್ಳುತ್ತಾರೆ. ಗರ್ಭಿಣಿಯರಿಗೆ ಡೈ ಇಲ್ಲದ ಎಂ.ಆರ್.ಐ. ಸೂಕ್ತ.

ಆದರೆ ಯಾವ ಚಿತ್ರವೂ 'ಇದು ಕ್ಷಯವೇ' ಎಂದು ತಾನೊಂದೇ ಸಾರಲಾರದು. ಮೂರು ಅಥವಾ ಹೆಚ್ಚು ದಿನ ಬೆಳಗಿನ ಮೊದಲ ಮೂತ್ರವನ್ನು ಕ್ಷಯಾಣುವಿನ ಕಲ್ಚರ್‌ಗೂ ಸಿಬಿನ್ಯಾಟ್ ಪರೀಕ್ಷೆಗೂ ಕೊಡಬೇಕು. ಕಲ್ಚರ್ ಫಲಿತಾಂಶಕ್ಕೆ ವಾರಗಳೇ ಹಿಡಿಯುತ್ತವೆ. ಒಮ್ಮೆ ನೆಗೆಟಿವ್ ಬಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ.

ಚಿಕಿತ್ಸೆ ಆರಂಭವಾದ ಮೇಲೂ ಅಪಾಯವಿರುತ್ತದೆ ಎಂಬುದು ಹಲವರಿಗೆ ತಿಳಿಯದು. ಹುಣ್ಣು ಮಾಯುವಾಗ ಮೂತ್ರನಾಳ ಇನ್ನಷ್ಟು ಬಿಗಿದುಕೊಳ್ಳಬಹುದು. ಆಗ ಮೂತ್ರ ಹಿಂದಕ್ಕೆ ಒತ್ತಿ, ನೋವೇ ಇಲ್ಲದೆ ಮೂತ್ರಪಿಂಡ ನಾಶವಾಗುತ್ತದೆ. ಸಾಮಾನ್ಯವಾಗಿ 6 ತಿಂಗಳು ನಡೆಯುವ ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ಅಲ್ಟ್ರಾಸೌಂಡ್ ಮಾಡಿಸುವುದು ಇದಕ್ಕಾಗಿಯೇ. ಬಿಗಿತ ಸಕಾಲದಲ್ಲಿ ಕಂಡರೆ ಸ್ಟೆಂಟ್ ಹಾಕಿ ಮೂತ್ರಪಿಂಡ ಉಳಿಸಿಕೊಳ್ಳುವ ಅವಕಾಶವಿದೆ.

ಸರ್ಕಾರಿ ಕ್ಷಯ ಕಾರ್ಯಕ್ರಮದ ಉಚಿತ ಔಷಧ ಶ್ವಾಸಕೋಶದ ರೋಗಿಗಳಿಗಷ್ಟೇ ಎಂಬ ತಪ್ಪು ತಿಳಿವಳಿಕೆಯಿದೆ. ನೋಂದಾಯಿತ ಮೂತ್ರಪಿಂಡದ ಕ್ಷಯರೋಗಿಗೂ ಅದು ದೊರೆಯುತ್ತದೆ; ನಿಕ್ಷಯ್ ಪೋಷಣೆ ಯೋಜನೆಯಡಿ 2024ರ ನವೆಂಬರ್‌ನಲ್ಲಿ 500ರಿಂದ 1,000 ರೂಪಾಯಿಗೆ ಏರಿದ ಮಾಸಿಕ ನೆರವೂ ಸಲ್ಲುತ್ತದೆ. ಔರಾದ್ ಅಥವಾ ಭಾಲ್ಕಿಯಿಂದ ಬೀದರ್‌ನ ಬ್ರಿಮ್ಸ್‌ಗೋ ಹೈದರಾಬಾದಿಗೋ ಹೊರಡುವವರು ಹಳೆಯ ಸ್ಕ್ಯಾನಿಂಗ್ ಫಿಲ್ಮ್‌ಗಳನ್ನೂ ಒಯ್ಯಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಾಳದ ಬಿಗಿತ ಹೆಚ್ಚಿದೆಯೇ ಎಂಬುದು ವೈದ್ಯರಿಗೆ ಬೇಗ ತಿಳಿಯುತ್ತದೆ.