ಐದು ಸೋಲುಗಳ ಲೆಕ್ಕ

ರಜೆಯಲ್ಲಿ ಇಳಕಲ್ಲಿನ ಅಕ್ಕನ ಮನೆಗೆ ಹೋಗಿದ್ದೆ. ಅವಳ ಇಬ್ಬರು ಗಂಡು ಮಕ್ಕಳ ನಡುವೆ ಬಾಕ್ಸರ್ ಮುಹಮ್ಮದ್ ಅಲಿಯವರ ಬಗ್ಗೆ ವಾಗ್ವಾದ ನಡೆದಿತ್ತು. "ರಾಕಿ ಮಾರ್ಸಿಯಾನೊ 49 ಪಂದ್ಯಗಳನ್ನೂ ಗೆದ್ದು 1956ರಲ್ಲಿ ನಿವೃತ್ತರಾದರು. ಅಲಿ 61ರಲ್ಲಿ ಐದು ಸೋತಿದ್ದಾರೆ. ಹಾಗಾದರೆ ಯಾರು ದೊಡ್ಡವರು, ಖಾಲಾ?" ಎಂದು ಹಿರಿಯವನು ನನ್ನನ್ನು ಕೇಳಿದ.

ಮುಖಕ್ಕೆ ಗುದ್ದುವ ಈ ಆಟ ನನಗೇನೂ ಪ್ರಿಯವಲ್ಲ. ಆದರೂ ಲೆಕ್ಕ ಸರಿಯಾಗಿ ನೋಡೋಣ ಎಂದೆ.

1967ರ ಮಾರ್ಚ್‌ವರೆಗೆ ಅಲಿ ಆಡಿದ 29 ಪಂದ್ಯಗಳನ್ನೂ ಗೆದ್ದಿದ್ದರು. ಮರು ತಿಂಗಳು, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ತನ್ನ ಧರ್ಮ ಒಪ್ಪುವುದಿಲ್ಲವೆಂದು ಸೇನೆ ಸೇರಲು ನಿರಾಕರಿಸಿದರು. ಚಾಂಪಿಯನ್ ಪಟ್ಟ ಹೋಯಿತು, ಐದು ವರ್ಷಗಳ ಜೈಲು ಶಿಕ್ಷೆಯಾಯಿತು. ಮೇಲ್ಮನವಿಯಿಂದಾಗಿ ಜೈಲು ತಪ್ಪಿತಾದರೂ 25ರಿಂದ 28ರ ಪ್ರಾಯದ ತನಕ, ಮೂರೂವರೆ ವರ್ಷ ಅವರಿಗೆ ಪಂದ್ಯವೇ ಸಿಗಲಿಲ್ಲ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಗೊಳಿಸಿತು. ಕಳೆದುಹೋದ ಪ್ರಾಯವನ್ನು ಯಾವ ಕೋರ್ಟ್ ಮರಳಿಸೀತು?

ಐದು ಸೋಲುಗಳೂ ಮರಳಿ ಬಂದ ನಂತರದವು. ಫ್ರೇಜಿಯರ್, ನಾರ್ಟನ್, ಸ್ಪಿಂಕ್ಸ್ ಎದುರು ಸೋತರು. ಆಮೇಲೆ ಮೂವರನ್ನೂ ಸೋಲಿಸಿದರು. ಅದುವರೆಗೆ ಸೋಲನ್ನೇ ಕಾಣದ ಫೋರ್‌ಮನ್‌ರನ್ನು 1974ರಲ್ಲಿ ಕಿನ್ಶಾಸಾದಲ್ಲಿ ಕೆಡವಿದರು. ಹೋಮ್ಸ್ ಮತ್ತು ಬರ್ಬಿಕ್ ಎದುರು ಸೋತಾಗ ಅವರಿಗೆ 38, 39 ವರ್ಷ. ಅಷ್ಟು ಹೊತ್ತಿಗೆ ಆಟ ಬಿಟ್ಟಿರಬೇಕಿತ್ತು, ಅದು ಅವರದೇ ತಪ್ಪು.

ಅಕ್ಕ ಮಗ್ಗದ ಮೇಲಿಂದಲೇ ಹೇಳಿದಳು: "ಮೂರೂವರೆ ವರ್ಷ ನನ್ನ ಮಗ್ಗ ಬಂದ್ ಮಾಡ್ಸಿ, ಸೀರಿ ಎಷ್ಟು ನೇದಿ ಅಂತ ಕೇಳಿದ್ರ ಹೆಂಗ?"

ಕಿರಿಯವನು ಗೆದ್ದವನಂತೆ ನಕ್ಕ. ಹಿರಿಯವನು ಮಾತ್ರ, "ಆದರೂ 49 ಅಂದ್ರ 49, ಖಾಲಾ" ಎಂದ.