ಎದುರು ಮಾತಿಗೆ ಕಾವಲು

ಶ್ರವಣಬೆಳಗೊಳಕ್ಕೆ ಹೋದವರೆಲ್ಲ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬರುತ್ತಾರೆ. ಊರೊಳಗಿನ ಭಂಡಾರಿ ಬಸದಿಯಲ್ಲಿರುವ 1368ರ ಶಾಸನದ ಮುಂದೆ ನಿಲ್ಲುವವರು ಕಡಿಮೆ. ನಿಂತು ಓದಬೇಕಾದ ಕಲ್ಲು ಅದು.

ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿ, ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನಿಗೆ ಮೊರೆಯಿಟ್ಟರು. ರಾಯ ಎರಡೂ ಕಡೆಯವರನ್ನು ಸೇರಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಮೊದಲಿನಂತೆಯೇ ಸಲ್ಲಬೇಕೆಂದು ತೀರ್ಮಾನವಾಯಿತು. ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡುವುದು. ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ವೈಷ್ಣವರು ನೇಮಿಸುವುದು. ಮಿಕ್ಕ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸುವುದು.

ಎರಡು ದರ್ಶನಗಳ ನಡುವಿನ ವಾದ ಅಂದಿಗೆ ಮುಗಿಯಲಿಲ್ಲ. ವೈಷ್ಣವರು ಜೈನರಾಗಲಿಲ್ಲ, ಜೈನರು ವೈಷ್ಣವರಾಗಲಿಲ್ಲ. ಆದರೆ ಯಾರ ಮೇಲೆ ದೂರು ಬಂದಿತ್ತೋ ಅವರ ಹೆಗಲಿಗೇ ಕಾವಲಿನ ಹೊಣೆ ಬಿತ್ತು. ಪಾರ್ಟಿಗಳ ಹೆಸರಿನಲ್ಲಿ ಊರೂರು ಒಡೆದಿರುವ ಈ ದಿನಗಳಲ್ಲಿ ನಾವು ಕಲಿಯಬೇಕಾದದ್ದು ಈ ಕಾವಲನ್ನೇ.

ವಾದ, ಜಲ್ಪ, ವಿತಂಡೆ

‘ವಿತಂಡವಾದ ಮಾಡಬೇಡ’ ಎಂದು ಬೈಯುತ್ತೇವೆ. ಅದು ಗೌತಮನ ನ್ಯಾಯಸೂತ್ರದಿಂದ ಬಂದ ಮಾತು. ನಿಜವೇನೆಂದು ತಿಳಿಯಲು ಇಬ್ಬರೂ ಸೇರಿ ನಡೆಸುವುದು ವಾದ. ಹೇಗಾದರೂ ಗೆಲ್ಲಬೇಕೆಂದು ಹೂಡುವುದು ಜಲ್ಪ. ತನ್ನದೆಂಬ ನಿಲುವನ್ನೇ ಮುಂದಿಡದೆ ಎದುರಿನವನದನ್ನು ಕೆಡವುತ್ತಲೇ ಹೋಗುವುದು ವಿತಂಡೆ.

ಹಳೆಯ ಶಾಸ್ತ್ರಕಾರರು ಮೊದಲು ಪೂರ್ವಪಕ್ಷವನ್ನು, ಅಂದರೆ ತಾವು ಒಪ್ಪದ ಮತವನ್ನು, ಅದರ ಕಾರಣಗಳ ಸಮೇತ ನಿರೂಪಿಸುತ್ತಿದ್ದರು. ಸಿದ್ಧಾಂತ ಬರುತ್ತಿದ್ದುದು ಆಮೇಲೆ. ಬುಕ್ಕರಾಯನ ಶತಮಾನದಲ್ಲೇ ಹುಟ್ಟಿದ ‘ಸರ್ವದರ್ಶನಸಂಗ್ರಹ’ ಆರಂಭವಾಗುವುದು ದೇವರನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕರ ಮತದಿಂದ. ಚಾರ್ವಾಕರ ಸ್ವಂತ ಗ್ರಂಥಗಳು ನಮಗೆ ಬಹುಪಾಲು ಉಳಿದಿಲ್ಲ. ಅವರ ವಿಚಾರ ಇಂದಿಗೂ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಅವರನ್ನು ಖಂಡಿಸಿದವರು ಬರೆದಿಟ್ಟದ್ದರಿಂದ.

ಹೊಳೆನರಸೀಪುರದ ಮತದಾರ

ಎದುರು ಪಾರ್ಟಿಗೆ ಓಟು ಹಾಕುವವನು ದುಡ್ಡಿಗೆ ಮಾರಿಕೊಂಡವನು, ಇಲ್ಲವೇ ದಡ್ಡ ಎಂದುಕೊಳ್ಳುವುದು ಸುಲಭ. ಹೊಳೆನರಸೀಪುರದ ಚರಿತ್ರೆ ಆ ಎಣಿಕೆಗೆ ಒಪ್ಪುವುದಿಲ್ಲ. 1962ರಲ್ಲಿ ಪಕ್ಷೇತರರಾಗಿ ನಿಂತ ಎಚ್.ಡಿ. ದೇವೇಗೌಡರನ್ನು ಗೆಲ್ಲಿಸಿದ ಕ್ಷೇತ್ರ ಅದು. 1989ರಲ್ಲಿ ಅದೇ ಕ್ಷೇತ್ರ ಅವರನ್ನು ಸೋಲಿಸಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರನ್ನು ಆರಿಸಿತು. 1999ರಲ್ಲಿ ಹಾಸನ ಲೋಕಸಭಾ ಕ್ಷೇತ್ರದಲ್ಲೂ ಪುಟ್ಟಸ್ವಾಮಿಗೌಡರು ಗೆದ್ದರು, ಸೋತವರು ಪ್ರಧಾನಿಯಾಗಿ ಬಂದಿದ್ದ ದೇವೇಗೌಡರು. 2004ರಲ್ಲಿ ಜಿಲ್ಲೆ ದೇವೇಗೌಡರನ್ನೇ ಮತ್ತೆ ಆರಿಸಿ ಕಳಿಸಿತು. 2024ರಲ್ಲಿ ಇಬ್ಬರ ಮೊಮ್ಮಕ್ಕಳು ಎದುರುಬದುರಾದಾಗ ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್ ಗೆದ್ದರು. ಅದೇ ಮನೆಗಳು, ಅದೇ ಬೂತುಗಳು. ಇಂದು ಎದುರಿಗಿರುವವನು ನಿನ್ನೆ ನಮ್ಮ ಪಕ್ಕದಲ್ಲಿದ್ದವನು. ಅವನು ಆಚೆಗೆ ಹೋದದ್ದಕ್ಕೆ ಕಾರಣವಿರುತ್ತದೆ, ಅದನ್ನು ಅವನ ಬಾಯಿಂದಲೇ ಕೇಳಬೇಕು.

ಪಾರ್ಟಿಯ ಬಾವುಟ ನೋಡಿ ಮಾತನ್ನು ತೂಗಲಾಗದು ಎಂಬುದಕ್ಕೆ ಅರಕಲಗೂಡು ಸಾಕ್ಷಿ. ಎ. ಮಂಜು ಅಲ್ಲಿಂದ 1999ರಲ್ಲಿ ಬಿಜೆಪಿಯಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದ, 2023ರಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದಾರೆ. 2019ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಒಂದಾಗಿದ್ದವು. 2024ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ಒಂದಾದವು. ನಾಯಕರ ನಡುವಿನ ಗೆರೆ ಹೀಗೆ ಅಳಿಸಿ ಮೂಡುತ್ತಿರುವಾಗ, ಆ ಗೆರೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದಿರುವುದು ನೋವಿನ ಸಂಗತಿ.

ನೀರಿನ ಮಾತು

ಗೊರೂರಿನ ಹೇಮಾವತಿ ಜಲಾಶಯ ಹಿಡಿಯುವುದು 37.103 ಟಿಎಂಸಿ ಅಡಿ ನೀರು. ಅದರ ಮೇಲೆ ಹಾಸನಕ್ಕೂ ಆಸೆ, ತುಮಕೂರಿಗೂ ಆಸೆ. ಚನ್ನರಾಯಪಟ್ಟಣದ ಒಂದು ಟೀ ಅಂಗಡಿಯಲ್ಲಿ ಮಾತು ಹೀಗೆ ಶುರುವಾಯಿತೆನ್ನಿ:

“ನಮ್ಮ ಕೆರೆ ಒಣಗೈತೆ, ಕಾಲುವೇಲಿ ನೀರು ತುಮಕೂರಿಗೆ ಹೋಗ್ತೈತೆ. ಇದಕ್ಕೆ ಒಪ್ಪಿದೋರು ಜಿಲ್ಲಾ ದ್ರೋಹಿಗಳು.”

“ನಿಮ್ಮ ಪಾರ್ಟಿ ಇದ್ದಾಗ ಏನಣ್ಣ ಕಡಿದು ಕಟ್ಟೆ ಹಾಕಿದ್ದು?”

ಇದು ಜಲ್ಪ. ನೀರಿನ ಸುದ್ದಿ ಎರಡನೇ ಮಾತಿಗೇ ಮರೆಯಾಯಿತು. ಅದೇ ಮಾತು ಹೀಗೂ ಸಾಗಬಹುದಿತ್ತು:

“ಎಡದಂಡೆ ಕಾಲುವೆ ತುಮಕೂರಿಗೂ ನೀರು ಕೊಡೋಕೆ ಅಂತ್ಲೇ ಆದದ್ದು, ಅಲ್ಲಿಯೋರು ಕುಡಿಯೋ ನೀರಿಗೂ ಅದನ್ನೇ ನಂಬವ್ರೆ, ನಡುವೆ ತಡೆದರೆ ಅನ್ಯಾಯ. ನೀನು ಹೇಳ್ತಿರೋದು ಇದೇ ತಾನೆ?”

“ಹೂಂ ಕಣಣ್ಣ, ಅದೇ.”

ಆ ‘ಹೂಂ’ ಬಂದ ಮೇಲೆಯೇ ವಾದಕ್ಕೆ ತಳಪಾಯ. ಈಗ ಎರಡು ಪ್ರಶ್ನೆ ಬೇರೆಬೇರೆಯಾಗಿ ಕಾಣುತ್ತವೆ. ಈ ವರ್ಷ ಎಷ್ಟು ನೀರು ಬಂತು, ಯಾವ ಕಾಲುವೆಗೆ ಎಷ್ಟು ಹರಿಯಿತು ಎಂಬುದು ಅಳತೆಯ ಪ್ರಶ್ನೆ; ಅದಕ್ಕೆ ಇಬ್ಬರೂ ಲೆಕ್ಕದ ಪುಸ್ತಕ ನೋಡಬೇಕು. ಕೊರತೆ ಬಿದ್ದಾಗ ಯಾರಿಗೆ ಮೊದಲು ಎಂಬುದು ನ್ಯಾಯದ ಪ್ರಶ್ನೆ. ಅದಕ್ಕೆ ಇಬ್ಬರೂ ಕಾರಣ ಕೊಡಬೇಕು. ಒಂದಕ್ಕೆ ಹೇಳಬೇಕಾದ ಉತ್ತರವನ್ನು ಇನ್ನೊಂದಕ್ಕೆ ಹೇಳುವುದರಿಂದಲೇ ನಮ್ಮ ಅರ್ಧ ಜಗಳಗಳು ಬೆಳೆಯುವುದು.

ಮೂರು ರೂಢಿಗಳು ಸಾಕು. ಎದುರಿನವರ ಮಾತನ್ನು ಅವರೇ ಒಪ್ಪುವಂತೆ ಹೇಳಿ, ಆಮೇಲೆ ಉತ್ತರಿಸುವುದು. ಅವರಲ್ಲಿ ತೀರಾ ಒರಟಾಗಿ ಮಾತಾಡಿದವನನ್ನು ಬಿಟ್ಟು, ಚೆನ್ನಾಗಿ ಮಾತಾಡಿದವನಿಗೆ ಉತ್ತರ ಕೊಡುವುದು. ಅವರು ಹೇಳಿದ್ದರಲ್ಲಿ ಸರಿಯಿರುವುದನ್ನು ಎಲ್ಲರೆದುರು ಸರಿ ಎನ್ನುವುದು.

ಗೆರೆ ಎಲ್ಲಿದೆ

ಹೀಗೆ ನಡೆದುಕೊಂಡರೆ ನಿಲುವು ಬಿಟ್ಟಂತಲ್ಲ. ಸುಳ್ಳನ್ನು ಸುಳ್ಳೆನ್ನಲೇಬೇಕು. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳು ದೂರು ಕೊಟ್ಟಾಗ ‘ಇದರ ಹಿಂದೆ ಯಾವ ಪಾರ್ಟಿ?’ ಎಂದು ಕೇಳುವುದು ವಾದವೇ ಅಲ್ಲ. ಅಲ್ಲಿ ಕೇಳಬೇಕಾದದ್ದು ನಡೆದದ್ದೇನು ಎಂಬುದೊಂದೇ. ಅದು ನಮ್ಮ ಪಾರ್ಟಿಯವರ ಮೇಲೆ ಬಂದ ದೂರಾದಾಗಲೂ ಅಷ್ಟೇ ಗಟ್ಟಿಯಾಗಿ ಕೇಳಿದರೆ ಮಾತ್ರ ನಮ್ಮ ನ್ಯಾಯಬುದ್ಧಿಗೆ ಬೆಲೆ.

ಬೆಳಗೊಳದ ಕಾವಲಿನವರನ್ನು ನೇಮಿಸಿದವರು ಜಿನನನ್ನು ನಂಬಿದವರಲ್ಲ. ನಂಬದ ದೇವರ ಬಾಗಿಲಿಗೂ ಕಾವಲಿಡಬಹುದು ಎಂದು ಈ ನೆಲದಲ್ಲೇ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಚುನಾವಣೆ ಮುಗಿದ ಮೇಲೂ ಒಂದೇ ಕೆರೆಯ ನೀರು ಕುಡಿಯಬೇಕಾದ ನಾವು, ಒಪ್ಪದವರ ಮಾತು ನಮ್ಮ ಬಾಯಲ್ಲಿ ಹಾಳಾಗದಂತೆ ಕಾಯಬಲ್ಲೆವು.