ನವಿಲು ತರಲು ಹೋಗಿ ಹಸು ಕಂಡದ್ದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ನನ್ನ ಲ್ಯಾಪ್‌ಟಾಪ್ ಹಳೇ ಜೀವ. ವಿಂಡೋಸ್ 11 ಅದನ್ನು ಹೊಸ್ತಿಲಾಚೆಯೇ ನಿಲ್ಲಿಸಿತು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಅಕ್ಕನ ಮಗ ಊರಿಗೆ ಬಂದಾಗ ಪೆನ್‌ಡ್ರೈವ್‌ನಲ್ಲಿ ಉಬುಂಟು 24.04 ತಂದಿದ್ದ. ಮನೆಯಲ್ಲಿ ನೆಟ್ ಕೈಕೊಟ್ಟಿದ್ದರೂ ಹಾಗೇ ಇನ್‌ಸ್ಟಾಲ್ ಮಾಡಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟುಹೋದ.

ಮಾರನೇ ದಿನ ನನಗೆ ಬೇಕಾದದ್ದು ಒಂದೇ, ‘ನವಿಲು’. ಕನ್ನಡದ ಅಕ್ಷರಶೈಲಿ ಅದು. ‘ಗುಬ್ಬಿ’ ಎಂಬ ಇನ್ನೊಂದೂ ಇದೆ. ಎರಡೂ ಉಬುಂಟು ಭಂಡಾರದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಅವನು ಬರೆದಿಟ್ಟ ಚೀಟಿ ನೋಡಿಕೊಂಡು ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿದೆ. ಪಾಸ್‌ವರ್ಡ್ ಕೇಳಿತು. ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡ್ ಹೋಯಿತು ಅಂದುಕೊಂಡೆ. ಲಿನಕ್ಸ್‌ಗೆ ಹೊಸದಾಗಿ ಬಂದವರೆಲ್ಲ ಮೊದಲು ಎಡವುವುದು ಇಲ್ಲೇ. ಪಕ್ಕದಲ್ಲಿ ನಿಂತವರಿಗೆ ಪಾಸ್‌ವರ್ಡ್ ಎಷ್ಟುದ್ದ ಎಂಬುದೂ ತಿಳಿಯಬಾರದು ಎಂದು ಅದು ಏನನ್ನೂ ತೋರಿಸುವುದಿಲ್ಲ. ಕುರುಡಾಗಿ ಹೊಡೆದು ಎಂಟರ್ ಒತ್ತಿದೆ. ಅಂಥ ಪ್ಯಾಕೇಜೇ ಇಲ್ಲ ಎಂಬ ಉತ್ತರ ಬಂತು.

ಫೋನ್ ಮಾಡಿದೆ. “ಮಾವ, ಮೊದಲು ‘ಆಪ್ಟ್ ಅಪ್‌ಡೇಟ್’ ಕೊಡಿ. ಅಂಗಡಿಯಲ್ಲಿ ಏನೇನಿದೆ ಅನ್ನೋ ಪಟ್ಟಿನೇ ನಿಮ್ಮ ಹತ್ರ ಬಂದಿಲ್ಲ” ಅಂದ. ಹೆಸರು ಅಪ್‌ಡೇಟ್ ಆದರೂ ಅದು ಏನನ್ನೂ ಹೊಸದು ಮಾಡುವುದಿಲ್ಲ, ಪಟ್ಟಿಯನ್ನಷ್ಟೇ ತರುತ್ತದೆ. ಸಾಮಾನು ಮನೆಗೆ ಬರುವುದು ‘ಅಪ್‌ಗ್ರೇಡ್’ ಅಂದಾಗ. ಹೆಸರಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಪ್‌ಡೇಟ್ ಕೊಟ್ಟರೆ ಇನ್ನೊಂದು ತಕರಾರು. ಪರದೆಯನ್ನು ಫೋಟೊ ತೆಗೆದು ಕಳಿಸಲು ಹೋದೆ, ಅವನು ಬಿಡಲಿಲ್ಲ. “ನೀವೇ ಓದಿ ಹೇಳಿ.” ಕೂಡಿಸಿ ಕೂಡಿಸಿ ಓದಿದೆ. ಬಂದ ಪಟ್ಟಿ ‘ಇನ್ನೂ ಊರ್ಜಿತವಾಗಿಲ್ಲ’, ಇಷ್ಟು ದಿನ ಇಷ್ಟು ಗಂಟೆ ಕಾಯಬೇಕು ಎಂದಿತ್ತು. ಅವನು ನಕ್ಕ. “ಮಾವ, ತಾರೀಖು ನೋಡಿ.”

2024 ಎಂದಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ ಇರುತ್ತದೆ, ಯಂತ್ರ ಆಫ್ ಆದಾಗಲೂ ಗಡಿಯಾರ ನಡೆಸುವುದು ಅದೇ. ನನ್ನದರಲ್ಲಿ ಅದು ಯಾವತ್ತೋ ಸತ್ತಿತ್ತು. ನೆಟ್‌ನಿಂದ ಸಮಯ ತಾನೇ ಸರಿಮಾಡಿಕೊಳ್ಳುವ ಆಯ್ಕೆಯನ್ನು, ಸೆಟ್ಟಿಂಗ್ಸ್‌ನಲ್ಲಿ ಕೈಯಾಡಿಸುವ ಚಪಲಕ್ಕೆ, ನಾನೇ ಆಫ್ ಮಾಡಿದ್ದೆ. ಭಂಡಾರದ ಪಟ್ಟಿ ಬರುವುದು ರುಜು ಮತ್ತು ತಾರೀಖಿನ ಸಮೇತ. ಪ್ಯಾಕೇಜು ತಂದು ಕೂರಿಸುವ ಸಾಧನವಾದ ಆಪ್ಟ್ ಎರಡನ್ನೂ ಪರೀಕ್ಷಿಸುತ್ತದೆ. 2024ರಲ್ಲಿ ಕೂತಿರುವ ಯಂತ್ರಕ್ಕೆ ಇಂದಿನ ಪಟ್ಟಿ ಮುಂದಿನ ತಾರೀಖಿನ ಚೆಕ್ ಇದ್ದಂತೆ, ಯಾವ ಕ್ಯಾಷಿಯರ್ ಅದನ್ನು ತೆಗೆದುಕೊಂಡಾನು? ಆಯ್ಕೆಯನ್ನು ಮತ್ತೆ ಆನ್ ಮಾಡಿದೆ. ಪಟ್ಟಿ ಸರಾಗವಾಗಿ ಇಳಿಯಿತು.

ಕೆಟ್ಟಿದೆ ಎಂದು ನಾನು ಹೆದರಿದ್ದು ಅಸಲಿಗೆ ಕೆಟ್ಟಿರಲಿಲ್ಲ, ‘ಒಲ್ಲೆ’ ಅನ್ನುತ್ತಿತ್ತು. ಅಂದು ಎದುರಾದ ಬಹುಪಾಲು ಗಂಡಾಂತರಗಳ ಜಾತಕ ಇದೇ.

ಅಪ್‌ಗ್ರೇಡ್ ಕೊಟ್ಟೆ. ಬೀಗ ಸಿಗುತ್ತಿಲ್ಲ, ಅದು ಬೇರೊಂದು ಪ್ರಕ್ರಿಯೆಯ ಕೈಲಿದೆ ಎಂಬ ಉತ್ತರ. ಉಬುಂಟು ಭದ್ರತೆಯ ತೇಪೆಗಳನ್ನು ಹಿನ್ನೆಲೆಯಲ್ಲಿ ತಾನೇ ಹಾಕಿಕೊಳ್ಳುತ್ತದೆ. ಗಡಿಯಾರ ಸರಿಹೋದದ್ದೇ ತಡ, ಆ ಕೆಲಸ ಶುರುವಾಗಿತ್ತು. ಇಬ್ಬರು ಒಂದೇ ಲೆಕ್ಕದ ಪುಸ್ತಕದಲ್ಲಿ ಏಕಕಾಲಕ್ಕೆ ಬರೆದರೆ ಕಲಸುಮೇಲೋಗರ, ಅದಕ್ಕೆ ಬೀಗ. ಬೀಗದ ಫೈಲನ್ನೇ ಅಳಿಸಿಬಿಡಿ ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಬಚ್ಚಲಲ್ಲಿ ಯಾರೋ ಇದ್ದಾರೆಂದು ಗೊತ್ತಿದ್ದೂ ಚಿಲಕ ಮುರಿಯುವವರು ಅವರು. ನಾನು ಕಾಫಿ ಕಾಯಿಸಿ ಕುಡಿದೆ. ಬಚ್ಚಲು ಖಾಲಿಯಾಗಿತ್ತು.

ನಿಜವಾಗಿ ಕೆಟ್ಟದ್ದು ಆಮೇಲೆ. ಅಪ್‌ಗ್ರೇಡ್ ಅರ್ಧ ಆಗಿರುವಾಗ ಕರೆಂಟು ಹೋಯಿತು. ಲ್ಯಾಪ್‌ಟಾಪ್‌ನ ದೊಡ್ಡ ಬ್ಯಾಟರಿಯೂ ಹೆಸರಿಗಷ್ಟೇ ಇದ್ದದ್ದು, ಪರದೆ ಕಪ್ಪಾಯಿತು. ಪ್ಯಾಕೇಜ್ ಕೂರುವುದು ಎರಡು ಹಂತದಲ್ಲಿ. ಮೊದಲು ಬಿಚ್ಚುವುದು, ಆಮೇಲೆ ಹೊಂದಿಸುವುದು. ಮನೆ ಬದಲಿಸುವಾಗ ಲಾರಿಯಿಂದ ಸಾಮಾನು ಇಳಿದಿದೆ, ಸ್ಟೌ ಇನ್ನೂ ಜೋಡಿಸಿಲ್ಲ ಅನ್ನುವ ಸ್ಥಿತಿ ನನ್ನದು. ಕರೆಂಟು ಬಂದ ಮೇಲೆ ಮತ್ತೆ ಅಪ್‌ಗ್ರೇಡ್ ಕೊಟ್ಟರೆ, ಕೆಲಸ ನಡುವೆ ನಿಂತಿದೆ, ನೀನೇ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಬೇಕು ಎಂದು ಮದ್ದಿನ ಹೆಸರನ್ನೂ ಅದೇ ಹೇಳಿತು. ಕೊಟ್ಟೆ. ಉಳಿದ ಪ್ಯಾಕೇಜುಗಳು ಒಂದೊಂದಾಗಿ ಜಾಗದಲ್ಲಿ ಕೂತವು. ಈ ಸಲ ಫೋನ್ ಮಾಡಲಿಲ್ಲ.

ಕೊನೆಗೆ ಮೂರು ಪ್ಯಾಕೇಜು ‘ಮುಂದೂಡಲಾಗಿದೆ’ ಎಂಬ ಪಟ್ಟಿಯಲ್ಲಿ ಉಳಿದವು. ಅದೂ ತೊಂದರೆಯಲ್ಲವಂತೆ. ಉಬುಂಟು ಕೆಲವು ಹೊಸ ಅಪ್‌ಡೇಟ್‌ಗಳನ್ನು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಬಡಿಸುವುದಿಲ್ಲ. ಮೊದಲ ಪಂಕ್ತಿಯವರ ಯಂತ್ರಗಳು ಮುಗ್ಗರಿಸಿದ ವರದಿ ಬಂದರೆ ಸೌಟು ಅಲ್ಲೇ ನಿಲ್ಲುತ್ತದೆ. ನಾನು ಕೊನೇ ಪಂಕ್ತಿ. ಮದುವೆಮನೆಯಲ್ಲಾದರೆ ಬೇಜಾರಾಗುತ್ತಿತ್ತು.

ಆಪ್ಟ್ ಮೂಲತಃ ಉಬುಂಟುವಿನದಲ್ಲ, ಡೆಬಿಯನ್‌ನದು. 1993ರಲ್ಲಿ ಡೆಬಿಯನ್ ಶುರುಮಾಡಿದ ಇಯಾನ್ ಮರ್ಡಾಕ್, ಆಗಿನ ತನ್ನ ಗೆಳತಿ ಡೆಬ್ರಾಳ ಹೆಸರನ್ನು ತನ್ನ ಹೆಸರಿಗೆ ಬೆಸೆದು ಅದಕ್ಕಿಟ್ಟ. ಅದರ ಮೇಲೆ ಕಟ್ಟಿದ ಉಬುಂಟು ಬಂದದ್ದು 2004ರಲ್ಲಿ. ಇಷ್ಟು ಕಟ್ಟುನಿಟ್ಟಿನ ಸಾಧನ ಮಾಡಿದವರು ಮುಖ ಗಂಟಿಕ್ಕಿಕೊಂಡೇ ಇರುವವರು ಎಂದುಕೊಂಡಿದ್ದೆ.

ಸಂಜೆಗೆ ನವಿಲು ಬಂತು. ಒತ್ತಕ್ಷರಗಳು ಸೊಗಸಾಗಿ ಮೂಡಿದವು. ಅಕ್ಕನ ಮಗನಿಗೆ ಸುದ್ದಿ ಕೊಟ್ಟೆ. “ಹಾಗಾದ್ರೆ ಈಗ ‘ಆಪ್ಟ್ ಮೂ’ ಅಂತ ಹೊಡೀರಿ ಮಾವ” ಅಂದ.

ಹೊಡೆದೆ. ಗೆರೆ, ಆವರಣ ಚಿಹ್ನೆಗಳಲ್ಲೇ ಬಿಡಿಸಿದ ಒಂದು ಹಸು ಪರದೆ ಮೇಲೆ ಬಂದು ನಿಂತು, ಇವತ್ತು ‘ಅಂಬಾ’ ಅಂದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿತು. ಇಡೀ ದಿನದಲ್ಲಿ ಪಾಸ್‌ವರ್ಡ್ ಕೇಳದೆ ಆದ ಮೊದಲ ಕೆಲಸ ಅದು.